‘ಅಮೆರಿಕ ಒಪ್ಪಿಗೆ’ ಎಂಬ ಸುದ್ದಿಯ ಮೂಲ ಓದೋದು ಹೇಗೆ?

2019ರ ಜುಲೈ ಕೊನೆಯ ಒಂದು ರಾತ್ರಿ. ನಾನು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಪುಟ ಕಳಿಸೋ ಹೊತ್ತಿಗೆ ಒಂದು ಸುದ್ದಿ ಬಂತು. ‘ಭಾರತಕ್ಕೆ 670 ಕೋಟಿ ಡಾಲರ್ ಯುದ್ಧವಿಮಾನ ಮಾರಿದ ಅಮೆರಿಕ’ ಎಂದು ತಲೆಬರಹ ಕೊಟ್ಟೆ. ಅಷ್ಟು ಚಿಕ್ಕ ಸಾಲಿನಲ್ಲಿ ಮೂರು ತಪ್ಪು! ಮೊತ್ತ ಇದ್ದದ್ದು 670 ಮಿಲಿಯನ್, ಅಂದರೆ 67 ಕೋಟಿ. ಸುದ್ದಿಯಲ್ಲಿದ್ದ ಸಿ-17 ಸಾಗಣೆ ವಿಮಾನ, ಯುದ್ಧವಿಮಾನ ಅಲ್ಲ. ಹೋಗಲಿ, ಮಾರಾಟಕ್ಕೆ ಇಟ್ಟದ್ದು ವಿಮಾನವೇ ಅಲ್ಲ. ನಮ್ಮ ವಾಯುಪಡೆ ಆಗಲೇ ಹಾರಿಸುತ್ತಿದ್ದ ಸಿ-17ಗಳಿಗೆ ಬೇಕಾದ ಬಿಡಿಭಾಗ, ರಿಪೇರಿ, ತರಬೇತಿ. ಇನ್ನು ‘ಮಾರಿದ’ ಅನ್ನೋದಂತೂ ಶುದ್ಧ ಸುಳ್ಳು.

ಮರುದಿನ ಒಳಪುಟದಲ್ಲಿ ಬೆರಳಗಲದ ತಿದ್ದುಪಡಿ ಬಂತು. ಮುಖ್ಯ ಉಪಸಂಪಾದಕರು ಬೈಯಲಿಲ್ಲ. “ಮೂಲ ಓದಿದ್ರಾ?” ಎಂದಷ್ಟೇ ಕೇಳಿದರು. ಓದಿರಲಿಲ್ಲ. ಸುದ್ದಿ ಏಜೆನ್ಸಿ ಕಾಪಿಯ ಮೊದಲ ಎರಡು ಪ್ಯಾರಾ ನೋಡಿ ಸುಮ್ನೆ ಇಳಿಸಿದ್ದೆ.

ಅವತ್ತಿನಿಂದ ಸೇನಾ ಸಾಮಾನಿನ ಮಾರಾಟಕ್ಕೆ ‘ಅಮೆರಿಕ ಒಪ್ಪಿಗೆ’ ಅನ್ನೋ ಥರದ ಸುದ್ದಿ ಬಂದಾಗಲೆಲ್ಲ ಮೂಲ ಪ್ರಕಟಣೆ ತೆರೆಯುತ್ತೇನೆ. ಒಂದು ಒಂದೂವರೆ ಪುಟ ಇರುತ್ತದೆ, ಹತ್ತು ನಿಮಿಷದ ಕೆಲಸ. ಎಲ್ಲಾ ಪ್ರಕಟಣೆಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಒಮ್ಮೆ ಒಂದನ್ನು ಸರಿಯಾಗಿ ಓದಿದರೆ ಉಳಿದದ್ದೆಲ್ಲ ಸಲೀಸು.

ಮೊದಲು ಯಾರು ಮಾತಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ಒಪ್ಪಿಗೆ ಕೊಡುವುದು ಅಮೆರಿಕದ ವಿದೇಶಾಂಗ ಇಲಾಖೆ. ಅದನ್ನು ಅಲ್ಲಿನ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ ತಿಳಿಸುವ ಕೆಲಸ ಪೆಂಟಗನ್ ಕೆಳಗಿನ ಡಿಫೆನ್ಸ್ ಸೆಕ್ಯುರಿಟಿ ಕೋಆಪರೇಶನ್ ಏಜೆನ್ಸಿಯದು. ಡೆಸ್ಕಿನವರ ಬಾಯಲ್ಲಿ ಡಿಎಸ್‌ಸಿಎ. 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆಯ ಪ್ರಕಾರ, ದೊಡ್ಡ ಮೊತ್ತದ ಮಾರಾಟ ಇದ್ದರೆ ಕಾಂಗ್ರೆಸ್ಸಿಗೆ ಮುಂಚೆಯೇ ಹೇಳಲೇಬೇಕು. ನೀವು ಓದುತ್ತಿರುವುದು ಆ ಸೂಚನೆಯ ಸಾರ. ಅದು ಒಪ್ಪಂದವೂ ಅಲ್ಲ, ಬಿಲ್ಲೂ ಅಲ್ಲ.

ಆಮೇಲೆ ಕ್ರಿಯಾಪದ ಹುಡುಕಿ. ಮೊದಲ ವಾಕ್ಯದಲ್ಲೇ ‘ಸಂಭಾವ್ಯ’ ಎಂಬ ಅರ್ಥದ ಪದ ಇರುತ್ತದೆ. ಸುದ್ದಿ ಏಜೆನ್ಸಿ ಕಾಪಿಯಲ್ಲೂ ಇರುತ್ತದೆ. ನಮ್ಮ ತಲೆಬರಹಕ್ಕೆ ಬರೋ ಹೊತ್ತಿಗೆ ಉದುರಿಹೋಗುತ್ತದೆ. ಕೊಳ್ಳುವ ದೇಶ ಮೊದಲು ಕೋರಿಕೆ ಪತ್ರ ಕೊಡುತ್ತದೆ. ಒಪ್ಪಿಗೆಯಾದ ಮೇಲೆ ಕಾಂಗ್ರೆಸ್ಸಿಗೆ ಸೂಚನೆ ಹೋಗುತ್ತದೆ. ನೇಟೊ ದೇಶಗಳು, ಜಪಾನ್, ಆಸ್ಟ್ರೇಲಿಯಾದಂಥ ಹತ್ತಿರದವರಿಗೆ 15 ದಿನ, ಭಾರತದಂಥ ಉಳಿದವರಿಗೆ 30 ದಿನ ಕಾಯಬೇಕು. ಅದಾದ ಮೇಲೆ ಅಮೆರಿಕ ಸರ್ಕಾರ ‘ಲೆಟರ್ ಆಫ್ ಆಫರ್ ಅಂಡ್ ಆಕ್ಸೆಪ್ಟೆನ್ಸ್’ ಎಂಬ ಪತ್ರ ಕೊಡುತ್ತದೆ. ಕೊಳ್ಳುವವರು ಅದಕ್ಕೆ ಸಹಿ ಹಾಕಿ ಮುಂಗಡ ಕಟ್ಟಿದಾಗಲೇ ವ್ಯಾಪಾರ.

ಆ 30 ದಿನದಲ್ಲಿ ಕಾಂಗ್ರೆಸ್ ತಡೆದುಬಿಟ್ಟರೆ? ಕಾನೂನಿನಲ್ಲಿ ದಾರಿ ಇದೆ. ಆದರೆ ಅಸಮ್ಮತಿಯ ನಿರ್ಣಯದಿಂದ ಇಂಥ ಮಾರಾಟವನ್ನು ತಡೆಯಲು ಕಾಂಗ್ರೆಸ್ಸಿಗೆ ಒಮ್ಮೆಯೂ ಆಗಿಲ್ಲ. 2019ರಲ್ಲಿ ಸೌದಿ ಅರೇಬಿಯಾ ಮತ್ತು ಯುಎಇ ವಿಚಾರದಲ್ಲಿ ನಿರ್ಣಯ ಪಾಸಾಯಿತು, ಅಧ್ಯಕ್ಷ ಟ್ರಂಪ್ ವೀಟೊ ಹಾಕಿದರು, ಅಲ್ಲಿಗೆ ಮುಗಿಯಿತು. ನಿಜವಾದ ಜಗ್ಗಾಟ ನಡೆಯೋದು ಪ್ರಕಟಣೆಗೂ ಮುಂಚೆ, ವಿದೇಶಾಂಗ ಸಮಿತಿಗಳ ಬಾಗಿಲ ಹಿಂದೆ. ಹಾಗಾಗಿ ‘ಕಾಂಗ್ರೆಸ್ ಒಪ್ಪುವುದೇ?’ ಅಂತ ಕುತೂಹಲದ ಕೊಕ್ಕೆ ಹಾಕಿ ಸುದ್ದಿ ಮುಗಿಸಬೇಡಿ. ಅನುಮಾನ ಪಡಬೇಕಾದದ್ದು ಇನ್ನೊಂದು ಕಡೆ. ಕೊಳ್ಳುವವರೇ ಕೊಳ್ಳದೆ ಇರಬಹುದು. 2021ರ ಏಪ್ರಿಲ್‌ನಲ್ಲಿ ಭಾರತಕ್ಕೆ ಸಮುದ್ರದ ಮೇಲೆ ಗಸ್ತು ತಿರುಗುವ ಇನ್ನೂ ಆರು ಪಿ-8ಐ ವಿಮಾನ ಮಾರಲು 242 ಕೋಟಿ ಡಾಲರಿನ ಒಪ್ಪಿಗೆ ಬಂತು. 2024 ಮುಗಿದಾಗಲೂ ಸಹಿ ಬಿದ್ದಿರಲಿಲ್ಲ.

ಪಿ-8ಐ ಹೆಸರು ಬಂತಲ್ಲ, ಒಂದು ಮಾತು. 2009ರಲ್ಲಿ ಭಾರತ ಮೊದಲ ಎಂಟು ಪಿ-8ಐ ಕೊಂಡದ್ದು ಈ ದಾರಿಯಲ್ಲಿ ಅಲ್ಲ. ನೇರವಾಗಿ ಬೋಯಿಂಗ್ ಕಂಪನಿಯ ಜತೆ ಒಪ್ಪಂದ ಆಗಿತ್ತು. ಅಂಥ ನೇರ ವ್ಯಾಪಾರಕ್ಕೂ ಅಮೆರಿಕ ಸರ್ಕಾರದ ಪರವಾನಗಿ ಬೇಕು, ಆದರೆ ಡಿಎಸ್‌ಸಿಎ ಪ್ರಕಟಣೆ ಇರುವುದಿಲ್ಲ. ಪ್ರಕಟಣೆ ಇದ್ದರೆ ಅದು ಸರ್ಕಾರದಿಂದ ಸರ್ಕಾರಕ್ಕೆ ನಡೆಯುವ ಎಫ್‌ಎಂಎಸ್ ವ್ಯವಹಾರ, ಫಾರಿನ್ ಮಿಲಿಟರಿ ಸೇಲ್ಸ್.

ಈಗ ದುಡ್ಡು. ನನ್ನ ಮರ್ಯಾದೆ ಹೋದದ್ದೇ ಇಲ್ಲಿ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಮಿಲಿಯನ್ ಅಂದರೆ 10 ಲಕ್ಷ. ಕೋಟಿ ಬೇಕಿದ್ದರೆ ಹತ್ತರಿಂದ ಭಾಗಿಸಿ. 90 ಮಿಲಿಯನ್ 9 ಕೋಟಿ, 450 ಮಿಲಿಯನ್ 45 ಕೋಟಿ. ಬಿಲಿಯನ್ ಇದ್ದರೆ ನೂರರಿಂದ ಗುಣಿಸಿ: 1.17 ಬಿಲಿಯನ್ 117 ಕೋಟಿ. ಡಾಲರಿನಲ್ಲಿ ಕೋಟಿ ಬರೆದ ಮೇಲೆಯೇ ರೂಪಾಯಿಗೆ ಹೋಗಿ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಸೊನ್ನೆ ಎಲ್ಲೋ ಜಾರಿಕೊಳ್ಳುತ್ತದೆ. ನಾನು ಈಗಲೂ ಪೆನ್ನಲ್ಲೇ ಬರೆದು ನೋಡುತ್ತೇನೆ, ನಗುವವರು ನಗಲಿ.

ಮೊತ್ತ ಸರಿಯಾಗಿ ಬರೆದರೂ ಅದು ಬೆಲೆ ಅಲ್ಲ. ಅಂದಾಜಿನ ಗರಿಷ್ಠ ಮಿತಿ. ಅಂತಿಮ ಬೇಡಿಕೆ, ಬಜೆಟ್, ಸಹಿಯಾದ ಒಪ್ಪಂದ ನೋಡಿಕೊಂಡು ನಿಜವಾದ ಮೊತ್ತ ಇದಕ್ಕಿಂತ ಕಡಿಮೆ ಇರುತ್ತದೆ ಎಂದು ಈಚಿನ ಪ್ರಕಟಣೆಗಳಲ್ಲೇ ಬರೆದಿರುತ್ತದೆ. ಆದ್ದರಿಂದ ‘ಡಾಲರ್ ವೆಚ್ಚದಲ್ಲಿ’ ಎನ್ನುವ ಬದಲು ‘ಡಾಲರ್‌ವರೆಗೆ’ ಎಂದು ಬರೆಯಿರಿ. ಅಮೆರಿಕ ಸರ್ಕಾರ ಇದರಲ್ಲಿ ಲಾಭ ಇಟ್ಟುಕೊಳ್ಳುವಂತಿಲ್ಲ, ಆದರೆ ಆಡಳಿತ ಖರ್ಚು ಅಂತ ಹಾಕುತ್ತದೆ. 2018ರ ಜೂನ್‌ನಲ್ಲಿ ಅದನ್ನು 3.5ರಿಂದ ಶೇ 3.2ಕ್ಕೆ ಇಳಿಸಿದರು.

ನನಗೆ ಜಾಸ್ತಿ ಇಷ್ಟವಾಗುವುದು ಸಾಮಾನಿನ ಪಟ್ಟಿ. ಎಲ್ಲರೂ ಇದನ್ನು ಹಾರಿಸಿಬಿಡುತ್ತಾರೆ. 2020ರ ಡಿಸೆಂಬರ್‌ನಲ್ಲಿ ನಮ್ಮ ಸಿ-130ಜೆ ಸಾಗಣೆ ವಿಮಾನಗಳ ನಿರ್ವಹಣೆಗೆ ಬಂದ 9 ಕೋಟಿ ಡಾಲರಿನ ಪ್ರಕಟಣೆ ತೆಗೆದುಕೊಳ್ಳಿ. ‘ರಿಪೇರಿ ಅಂಡ್ ರಿಟರ್ನ್’ ಭಾಗಗಳು ಅಂತ ಇದೆ. ಕೆಟ್ಟ ಭಾಗವನ್ನು ಕಳಿಸಿ, ರಿಪೇರಿ ಮಾಡಿಸಿ, ವಾಪಸ್ ತರಿಸುವುದು. ಬೆಂಕಿ ಆರಿಸುವ ಸಾಧನದ ಕಾರ್ಟ್ರಿಜ್‌ಗಳಿವೆ. ಒಳಗೆ ಚಿಟಿಕೆ ಸ್ಫೋಟಕ ಇರುತ್ತದೆ, ಗುಂಡಿ ಒತ್ತಿದಾಗ ಅದು ಸಿಡಿದು ಸಿಲಿಂಡರ್ ತೆರೆಯಬೇಕು. ಒಮ್ಮೆಯೂ ಬಳಸದಿದ್ದರೂ ಅವಧಿ ಮುಗಿದರೆ ಬದಲಾಯಿಸಲೇಬೇಕು. ವಿಮಾನ ಕೊಂಡು ಮುಗಿಯಿತು ಅನ್ನೋ ಹಾಗಿಲ್ಲ ಯಾಕೆ ಅನ್ನೋದು ಈ ಒಂದು ಸಾಮಾನಿನಲ್ಲೇ ಗೊತ್ತಾಗುತ್ತದೆ.

ಅದೇ ಪಟ್ಟಿಯಲ್ಲಿ ರಾತ್ರಿ ನೋಡುವ 10 ಕನ್ನಡಕ, 10 ಬೈನಾಕ್ಯುಲರ್ ಇವೆ. ಬಿಡಿಭಾಗದ ನಡುವೆ ಇವು ಕ್ಷುಲ್ಲಕ ಅನಿಸುತ್ತವೆ. ಆದರೆ ರಾತ್ರಿ ದೃಷ್ಟಿಯ ಉಪಕರಣಗಳನ್ನು ಯಾರಿಗೆ ಕೊಟ್ಟರೂ ಅಮೆರಿಕ ಎಣಿಸಿ ಲೆಕ್ಕ ಇಡುತ್ತದೆ, ಬಂದು ನೋಡುವ ಹಕ್ಕನ್ನೂ ಇಟ್ಟುಕೊಳ್ಳುತ್ತದೆ. ಆ ಮೇಲ್ವಿಚಾರಣೆಯ ಹೆಸರು ಗೋಲ್ಡನ್ ಸೆಂಟ್ರಿ. ಗುಪ್ತ ಸಂಕೇತದ ಉಪಕರಣಗಳ ಬಿಡಿಭಾಗಗಳೂ ಪಟ್ಟಿಯಲ್ಲಿವೆ. 2018ರ ಸೆಪ್ಟೆಂಬರ್‌ನಲ್ಲಿ ಎರಡೂ ದೇಶ ಸುರಕ್ಷಿತ ಸೇನಾ ಸಂಪರ್ಕದ ಕಾಮ್‌ಕಾಸಾ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ಜಾತಿಯ ಉಪಕರಣ ನಮಗೆ ಸಿಗುತ್ತಲೇ ಇರಲಿಲ್ಲ. ಪಟ್ಟಿಯ ಒಂದು ಸಾಲಿನ ಹಿಂದೆ ವರ್ಷಗಟ್ಟಲೆಯ ರಾಜತಾಂತ್ರಿಕ ಕಥೆ ಇರುತ್ತದೆ, ಅಲ್ವಾ?

ಪಟ್ಟಿಯಲ್ಲಿ ಏನಿಲ್ಲ ಅನ್ನೋದನ್ನೂ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಎಫ್-16 ಯುದ್ಧವಿಮಾನಗಳ ನಿರ್ವಹಣೆಗೆ 45 ಕೋಟಿ ಡಾಲರಿನ ಪ್ರಕಟಣೆ ಬಂದಾಗ ‘ಪಾಕ್‌ಗೆ ನೆರವು’ ಅಂತ ಎಷ್ಟು ಕಡೆ ಬಂತೋ! ನೆರವಲ್ಲ, ಮಾರಾಟ. ಹೊಸ ಸಾಮರ್ಥ್ಯ, ಹೊಸ ಶಸ್ತ್ರ, ಮದ್ದುಗುಂಡು ಯಾವುದೂ ಇದರಲ್ಲಿಲ್ಲ ಎಂದೂ ಬರೆದಿತ್ತು. ಇದ್ದದ್ದು ಎಂಜಿನ್ ಭಾಗ, ಸಾಫ್ಟ್‌ವೇರ್, ಕೈಪಿಡಿ, ಅಳತೆಯ ಉಪಕರಣ. ಹಾಗಂತ ಅದು ಚಿಲ್ಲರೆ ಸುದ್ದಿ ಅಂತಲೂ ಅಲ್ಲ. ಬಿಡಿಭಾಗ ಇಲ್ಲದ ಎಫ್-16 ಹ್ಯಾಂಗರಿನಲ್ಲಿ ನಿಂತ ಕಬ್ಬಿಣ. ವಿದೇಶಾಂಗ ಸಚಿವ ಜೈಶಂಕರ್ ವಾಷಿಂಗ್ಟನ್‌ನಲ್ಲೇ ನಿಂತು ಇದನ್ನು ಖಾರವಾಗಿ ಟೀಕಿಸಿದ್ದು ಸುಮ್ನೆ ಅಲ್ಲ. ಸುದ್ದಿ ಬರೆಯುವವರು ಎರಡನ್ನೂ ಹೇಳಬೇಕು: ಪಟ್ಟಿಯಲ್ಲಿ ಏನಿದೆ, ಅದರಿಂದ ಏನು ಹಾರುತ್ತದೆ.

ಕೊನೆಯ ಪ್ಯಾರಾಗಳು ಮಂತ್ರದ ಹಾಗೆ. ‘ಈ ಮಾರಾಟದಿಂದ ಪ್ರದೇಶದ ಮೂಲ ಸೇನಾ ಸಮತೋಲನ ಬದಲಾಗುವುದಿಲ್ಲ’ ಅನ್ನೋದು ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ. ಅದನ್ನು ಅಮೆರಿಕದ ಹೊಸ ಹೇಳಿಕೆ ಎಂದು ತಲೆಬರಹಕ್ಕೆ ತರಬೇಡಿ. ಗುತ್ತಿಗೆ ಕಂಪನಿಯ ಹೆಸರು ಬರೆದುಕೊಳ್ಳಿ.

ಆದರೆ ಸಿಬ್ಬಂದಿ ಬಗ್ಗೆ ಇರುವ ವಾಕ್ಯವನ್ನು ಮಾತ್ರ ಬಿಡಬೇಡಿ. ಕೊಳ್ಳುವ ದೇಶಕ್ಕೆ ಅಮೆರಿಕದಿಂದ ಹೆಚ್ಚುವರಿ ಜನ ಹೋಗಬೇಕೋ ಬೇಡವೋ ಅಂತ ಒಂದು ಸಾಲು. ಸಾಮಾನ್ಯವಾಗಿ ಬೇಡ ಅಂತಿರುತ್ತದೆ. ನಾನು ಸಿ-17 ಸುದ್ದಿಯಲ್ಲಿ ಎಡವಿದ ಅದೇ ದಿನ ಪಾಕಿಸ್ತಾನದ ಎಫ್-16ಗಳ ಬಗ್ಗೆ 12.5 ಕೋಟಿ ಡಾಲರಿನ ಇನ್ನೊಂದು ಪ್ರಕಟಣೆಯೂ ಬಂದಿತ್ತು. ಅದರ ಆ ಸಾಲಿನಲ್ಲಿ ಗುತ್ತಿಗೆ ಕಂಪನಿಯ 60 ಜನ ಬೇಕು ಎಂದಿತ್ತು. ಮೆಕ್ಯಾನಿಕ್‌ಗಳಲ್ಲ. ಆ ವಿಮಾನಗಳ ಬಳಕೆ ಮೇಲೆ ಹಗಲೂ ರಾತ್ರಿ ಕಣ್ಣಿಡುವವರು. ನಿಜವಾದ ಸುದ್ದಿ ಅದು. ನಾನು ಅದನ್ನು ಓದಿದ್ದು ತಿದ್ದುಪಡಿ ಬರೆದ ಮೇಲೆ.

ಪ್ರಕಟಣೆ ಓದಿ ಮುಗಿದ ಮೇಲೆ ದಿನಾಂಕ, ಮೊತ್ತ, ವಿಮಾನದ ಹೆಸರು ಒಂದು ಕಡೆ ಬರೆದಿಡಿ. ಸಹಿಯ ಸುದ್ದಿ ವರ್ಷದ ನಂತರ ಬರಬಹುದು, ಅದೂ ನಮ್ಮ ರಕ್ಷಣಾ ಸಚಿವಾಲಯದಿಂದ, ರೂಪಾಯಿಯಲ್ಲಿ. ನೌಕಾಪಡೆಯ 24 ಎಂಎಚ್-60ಆರ್ ಹೆಲಿಕಾಪ್ಟರ್‌ಗಳ ನಿರ್ವಹಣೆಗೆ 2025ರ ನವೆಂಬರ್ 28ರಂದು ಸಹಿಯಾಯಿತು, ಸುಮಾರು 7,995 ಕೋಟಿ ರೂಪಾಯಿ. ಅವತ್ತು ಮಾತ್ರ ‘ಒಪ್ಪಂದ’ ಅನ್ನುವ ಪದವನ್ನು ಧೈರ್ಯವಾಗಿ ಬಳಸಬಹುದಿತ್ತು.

ಸಿ-130ಜೆ ಸುದ್ದಿ ಬಂದ ರಾತ್ರಿಯೂ ನಾನೇ ಡ್ಯೂಟಿಯಲ್ಲಿದ್ದೆ. ‘ಸಿ-130ಜೆ ಬಿಡಿಭಾಗ: 9 ಕೋಟಿ ಡಾಲರ್‌ವರೆಗೆ ಮಾರಾಟಕ್ಕೆ ಅಮೆರಿಕ ಸಮ್ಮತಿ’ ಎಂದು ಕೊಟ್ಟೆ. ಸಪ್ಪೆಯಾಗಿದೆ ಅಂತ ಒಳಪುಟದ ಸಿಂಗಲ್ ಕಾಲಂಗೆ ಹಾಕಿದರು.