ಬಿಸಿಲಲ್ಲೂ ಕಾಯಿ ಕಚ್ಚುವ ಟೊಮೆಟೊ: ನಿಮ್ಮದೇ ತಳಿ ಮಾಡಿಕೊಳ್ಳಿ

ಏಪ್ರಿಲ್‌ನಲ್ಲಿ ಟೊಮೆಟೊ ಗಿಡದ ತುಂಬಾ ಹೂ. ವಾರ ಕಳೆದರೆ ಎಲ್ಲ ನೆಲದ ಮೇಲೆ. ನೀರು ಸಾಲಲಿಲ್ಲವೇನೋ ಎಂದು ಇನ್ನೊಂದು ಕೊಡ ಸುರಿಯುತ್ತೇವೆ, ಅಲ್ವಾ? ತೊಂದರೆ ಇರುವುದು ಪರಾಗದಲ್ಲಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಜೊಳ್ಳಾಗುತ್ತದೆ. ಆದರೂ ಎಲ್ಲೋ ಒಂದು ಗಿಡ ನಾಲ್ಕು ಕಾಯಿ ಕಚ್ಚಿಕೊಂಡು ನಿಂತಿರುತ್ತದೆ. ಅದೇ ನಿಮ್ಮ ತಾಯಿಗಿಡ.

ಜವಾರಿ ಟೊಮೆಟೊದಲ್ಲಿ ಹುಡುಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್‌ನಂಥ ತಳಿಯೂ ಆದೀತು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಬೇಡ. ಅದು ಹೈಬ್ರಿಡ್, ಅದರ ಬೀಜದಿಂದ ಬಂದ ಗಿಡಗಳು ಒಂದೊಂದು ಒಂದೊಂದು ಥರ.

ಈ ತಾಯಿಯ ಹೂವಿಗೆ ಇನ್ನೊಂದು ಗಿಡದ ಪರಾಗ ಕೂಡಿಸಿ, ಬಿಸಿಲು ತಡೆಯುವ ಗುಣದ ಜೊತೆ ಪೌಷ್ಟಿಕತೆಯೂ ಇರುವ ತಳಿ ಮಾಡುವುದು ನಮ್ಮ ಗುರಿ. ಪರಾಗ ಕೊಡುವ ತಂದೆಗೆ ಬೀಟಾ ಕ್ಯಾರೋಟಿನ್ ಜಾಸ್ತಿ ಇರುವ ಕಿತ್ತಳೆ ಬಣ್ಣದ ಟೊಮೆಟೊ. ನಮ್ಮ ದೇಹ ಅದನ್ನು ವಿಟಮಿನ್ ಎ ಮಾಡಿಕೊಳ್ಳುತ್ತದೆ. ಆದರೆ ಕಿತ್ತಳೆ ಕಂಡದ್ದೆಲ್ಲ ಬೀಟಾ ಕ್ಯಾರೋಟಿನ್ ಅಲ್ಲ. ಕೆಲವದರಲ್ಲಿ ಇರುವುದು ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪಿನ್‌ನದೇ ಇನ್ನೊಂದು ರೂಪ.

ಕೂಡಿಸುವ ಕೆಲಸ ಡಿಸೆಂಬರ್ ಚಳಿಯಲ್ಲಿ ಮಾಡಿ. ನಾಳೆ ಅರಳಲಿರುವ, ಎಸಳು ಈಗಷ್ಟೇ ಹಳದಿಗೆ ತಿರುಗಿದ ಮೊಗ್ಗು ಆರಿಸಿ. ಚಿಮಟದಿಂದ ಎಸಳು ಬಿಡಿಸಿ, ಒಳಗಿನ ಹಳದಿ ಕೊಳವೆಯನ್ನು ಕಿತ್ತುಹಾಕಿ. ಅದು ಗಂಡು ಭಾಗ. ನಡುವಿನ ಹಸಿರು ಕಡ್ಡಿಗೆ ಪೆಟ್ಟಾಗಬಾರದು. ಮೊದಲ ನಾಲ್ಕೈದು ಹೂ ಹಾಳಾಗುವುದು ಗ್ಯಾರಂಟಿ, ಬೇಜಾರಾಗಬೇಡಿ. ಕಾಗದದ ಚೀಲ ಕಟ್ಟಿ. ಮರುದಿನ ಬೆಳಿಗ್ಗೆ ತಂದೆಗಿಡದ ಅರಳಿದ ಹೂವನ್ನು ಕಪ್ಪು ತಟ್ಟೆಯ ಮೇಲೆ ತಟ್ಟಿ. ಉದುರಿದ ಪುಡಿಯನ್ನು ಕಡ್ಡಿಯ ತುದಿಗೆ ಸವರಿ, ಮತ್ತೆ ಚೀಲ ಕಟ್ಟಿ, ದಾರದ ಗುರುತು ಹಾಕಿ. ಸುಮಾರು ಒಂದೂವರೆ ತಿಂಗಳಿಗೆ ಹಣ್ಣು. ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ಬೀಜ ತೊಳೆದು ನೆರಳಲ್ಲಿ ಒಣಗಿಸಿ.

ಈ ಬೀಜವನ್ನು ಜೂನ್‌ನಲ್ಲಿ ಬಿತ್ತಿದರೆ ಮೊದಲ ಪೀಳಿಗೆ. ಹಣ್ಣು ಕಿತ್ತಳೆಗೆ ತಿರುಗಿದರೆ ಖುಷಿಪಡಿ: ಬೀಟಾ ಕ್ಯಾರೋಟಿನ್ ಗುಣ ಈ ಪೀಳಿಗೆಯಲ್ಲೇ ಮುಖ ತೋರಿಸುತ್ತದೆ. ಬರೀ ಕೆಂಪು ಬಂದರೆ ಒಂದೋ ಕೂಡಿಸಿದ್ದು ಹಿಡಿದಿಲ್ಲ, ಇಲ್ಲವೇ ತಂದೆ ಆ ಇನ್ನೊಂದು ಬಗೆಯ ಕಿತ್ತಳೆ.

ಅಸಲಿ ಆಟ ಎರಡನೇ ಪೀಳಿಗೆಯದು. ಮೊದಲ ಪೀಳಿಗೆಯ ಹಣ್ಣಿನ ಬೀಜವನ್ನು ಜನವರಿ ಮಧ್ಯದಲ್ಲಿ ಒಟ್ಲು ಹಾಕಿ, ಬಿರುಬೇಸಿಗೆಯಲ್ಲೇ ಹೂ ಬರಬೇಕು. ನೂರು ಗಿಡ ಇದ್ದರೆ ಒಳ್ಳೆಯದು, ಐವತ್ತಾದರೂ ಇರಲಿ. ನೀರು ಕೊಡಿ, ಆದರೆ ನೆರಳುಪರದೆ ಕಟ್ಟಬೇಡಿ. ಇದನ್ನು ಹೇಳಿದರೆ ಜನ ಕೇಳುವುದಿಲ್ಲ. ಗಿಡ ಬಾಡಿದರೆ ಕರುಳು ಚುರ್ ಎನ್ನುತ್ತದೆ, ನಿಜ. ಆದರೆ ನೆರಳು ಕೊಟ್ಟರೆ ಬಿಸಿಲು ತಡೆಯುವ ಗಿಡ ಯಾವುದು, ತಡೆಯದ್ದು ಯಾವುದು ಅಂತ ಗೊತ್ತಾಗುವುದು ಹೇಗೆ? ಪ್ರತಿ ಗಿಡದ ಎರಡು ಗೊಂಚಲಲ್ಲಿ ಹೂ ಎಷ್ಟು, ಕಾಯಿ ಎಷ್ಟು ಎಂದು ಎಣಿಸಿ ಬರೆದಿಡಿ. ಜಾಸ್ತಿ ಕಚ್ಚಿದ ಕಿತ್ತಳೆ ಗಿಡಗಳಲ್ಲಿ ಐದಾರನ್ನು ಉಳಿಸಿಕೊಳ್ಳಿ. ಒಂದೇ ಗಿಡ ನಂಬಬೇಡಿ. ಅದಕ್ಕೆ ಸುಮ್ನೆ ಒಳ್ಳೆಯ ಮಣ್ಣು ಸಿಕ್ಕಿರಬಹುದು.

ಮುಂದೆ ಇದೇ ಕೆಲಸ ಆರನೇ ಪೀಳಿಗೆವರೆಗೆ. ಟೊಮೆಟೊ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಗುಣ ನಿಧಾನಕ್ಕೆ ನೆಲೆಯಾಗುತ್ತದೆ. ವರ್ಷಕ್ಕೆ ಎರಡು ಬೆಳೆ ತೆಗೆದರೆ ಮೂರು ವರ್ಷ.

ನಡುವೆ ಹಣ್ಣು ತಿನ್ನಬಾರದು ಅಂತೇನಿಲ್ಲ. ಎಣ್ಣೆ ಒಗ್ಗರಣೆ ಹಾಕಿ ಗೊಜ್ಜು ಮಾಡಿ, ಬೀಟಾ ಕ್ಯಾರೋಟಿನ್ ಮೈಗೆ ಹತ್ತಲು ಎಣ್ಣೆ ಬೇಕು. ಗುರುತು ಹಾಕಿದ ಗಿಡದ ಹಣ್ಣು ಅಡುಗೆಮನೆಗೆ ಹೋಗುವ ಮೊದಲು ಬೀಜ ಮಾತ್ರ ತೆಗೆದಿಟ್ಟುಕೊಳ್ಳಿ.