ದುಡ್ಡು ಕೊಟ್ಟು ಕೆಸು ನೋಡಿ ಬಂದೆ

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮನೆ ಹಿಂದೆ ಎಂಟು ಹೆಜ್ಜೆ ಅಗಲ, ಹನ್ನೆರಡು ಹೆಜ್ಜೆ ಉದ್ದದ ಜಾಗ ಇದೆ. ಮೊದಲ ಮೂರು ವರ್ಷ ನರ್ಸರಿಯಲ್ಲಿ ಹೂ ಬಿಟ್ಟು ನಿಂತ ಗಿಡ ಕಂಡರೆ ಸಾಕು, ತಂದು ನೆಡುತ್ತಿದ್ದೆ. ಜೂನ್‌ನಲ್ಲಿ ಜಾತ್ರೆ, ಆಗಸ್ಟ್‌ಗೆ ಬಟಾಬಯಲು.

ಅದಕ್ಕೇ 2017ರ ಆಗಸ್ಟ್‌ನಲ್ಲೇ ಹೆಸರಾದ ತೋಟ ಗ್ರೇಟ್ ಡಿಕ್ಸ್ಟರ್‌ಗೆ ಹೋದೆ. ನಮ್ಮ ತೋಟ ಸೊರಗುವ ಹೊತ್ತಿನಲ್ಲಿ ಬೇರೆಯವರದ್ದು ಹೇಗಿರುತ್ತೆ ಅಂತ ನೋಡಬೇಕು, ಅಲ್ವಾ? ಅದು ಈಸ್ಟ್ ಸಸೆಕ್ಸ್‌ನ ನಾರ್ದಿಯಂ ಹಳ್ಳಿಯಲ್ಲಿದೆ. ಮರದ ತೊಲೆಗಳ ಹಳೇ ಮನೆ. 1910ರಲ್ಲಿ ನಥಾನಿಯಲ್ ಲಾಯ್ಡ್ ಕೊಂಡು, ವಾಸ್ತುಶಿಲ್ಪಿ ಲಟ್ಯೆನ್ಸ್ ಕೈಯಲ್ಲಿ ದುರಸ್ತಿ ಮಾಡಿಸಿ ದೊಡ್ಡದು ಮಾಡಿಸಿದರು. ಹೌದು, ರಾಷ್ಟ್ರಪತಿ ಭವನದ ಲಟ್ಯೆನ್ಸ್ ಅವರೇ. ತೋಟಕ್ಕೆ ಹೆಸರು ತಂದವರು ಅಲ್ಲೇ ಹುಟ್ಟಿದ ಮಗ ಕ್ರಿಸ್ಟೋಫರ್ ಲಾಯ್ಡ್.

ಬಾಗಿಲ ಮುಂದೆ ಕುಂಡಗಳ ಗುಂಪು, ಪಕ್ಷಿಯಾಕಾರಕ್ಕೆ ಕತ್ತರಿಸಿದ ಯೂ ಎಂಬ ನಿತ್ಯಹಸಿರು ಗಿಡಗಳು, ಉದ್ದನೆಯ ಹೂಪಾತಿ, ಎಲ್ಲ ನೋಡಿದೆ. ಪಾತಿಯಲ್ಲಿ ಪೊದೆ, ಬಳ್ಳಿ, ಒಂದೇ ವರ್ಷ ಬದುಕುವ ಗಿಡ ಎಲ್ಲ ಒಟ್ಟಿಗೆ. ಚೆನ್ನಾಗಿದೆ, ಆದರೆ ನನ್ನ ಹಿತ್ತಲಿಗೆ ತರುವಂಥದ್ದಲ್ಲ ಅನಿಸಿತು.

ಆಮೇಲೆ ಯೂ ಬೇಲಿ ದಾಟಿ ಒಳಗೆ ಹೋದೆ. ಎದುರಿಗೆ ಬಾಳೆ! ಪಕ್ಕದಲ್ಲಿ ಕಾಬಾಳೆ, ಡೇರೆ, ಔಡಲ, ಕೆಸು. ಮೊದಲು ಅಲ್ಲಿ ಲಟ್ಯೆನ್ಸ್ ಕಾಲದ ಗುಲಾಬಿ ತೋಟ ಇತ್ತಂತೆ. ಹಳೇ ಮಣ್ಣಿನಲ್ಲಿ ಗುಲಾಬಿ ಏಳಲಿಲ್ಲ. 1993ರಲ್ಲಿ ಕ್ರಿಸ್ಟೋಫರ್ ಲಾಯ್ಡ್ ಮತ್ತು ತೋಟದ ಮುಖ್ಯಸ್ಥ ಫರ್ಗಸ್ ಗ್ಯಾರೆಟ್ ಅದನ್ನು ಕಿತ್ತು ಹಾಕಿ ಇದನ್ನು ನೆಟ್ಟರು. ಆಗ ಲಾಯ್ಡ್‌ಗೆ ವಯಸ್ಸು ಎಪ್ಪತ್ತು ದಾಟಿತ್ತು. ಗುಲಾಬಿ ಪ್ರಿಯರು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಹೂವಿನ ಹೆಸರು ಬರೆದುಕೊಳ್ಳಲಿಲ್ಲ. ಯಾವುದರ ಪಕ್ಕ ಯಾವುದು, ಎಲೆ ಎಷ್ಟು ಗೇಣು, ಅದನ್ನು ಬರೆದೆ. ಆಗ ಗುಟ್ಟು ಹೊಳೆಯಿತು. ಇಡೀ ಜಾಗ ನಿಂತಿದ್ದೇ ಎಲೆಗಳ ಮೇಲೆ. ದಪ್ಪ ಎಲೆಗಳ ಮುಂದೆ ಆಳೆತ್ತರದ ವರ್ಬಿನಾ, ಕಡ್ಡಿಯಂಥ ಕಾಂಡ, ತುದಿಯಲ್ಲಿ ಚಿಟಿಕೆಯಷ್ಟು ನೇರಳೆ ಹೂ. ಪರದೆಯ ಹಾಗೆ, ಹಿಂದಿನದು ಕಾಣುತ್ತದೆ, ಪೂರ್ತಿ ಕಾಣುವುದಿಲ್ಲ. ಎತ್ತರದ್ದೆಲ್ಲ ಹಿಂದೆಯೇ ಇರಬೇಕು ಅಂತ ಅಲ್ಲಿಯವರೆಗೆ ನಂಬಿದ್ದೆ.

ರಾತ್ರಿ ತೀರ್ಥಹಳ್ಳಿಗೆ ಫೋನ್ ಮಾಡಿ ಫೋಟೋ ಕಳಿಸಿದೆ. ಅಮ್ಮ ನಕ್ಕರು. “ಅಲ್ಲ ಕಣೇ, ಬಚ್ಚಲ ನೀರು ಹೋಗೋ ಕಡೆ ಬೆಳೆಯೋ ಕೆಸು ನೋಡಕ್ಕೆ ಟಿಕೆಟ್ ತಗೊಂಡಿದ್ಯಾ?”

ಮುಂದಿನ ಮಾರ್ಚ್‌ನಲ್ಲಿ ಇಂಡಿಯನ್ ಅಂಗಡಿಯಿಂದ ನಾಲ್ಕು ಕೆಸುವಿನ ಗಡ್ಡೆ ತಂದೆ. ಕುಂಡದಲ್ಲಿ ಹೂತು ಅಡುಗೆಮನೆ ಕಿಟಕಿ ಹತ್ತಿರ ಇಟ್ಟೆ. ಐದು ವಾರಕ್ಕೆ ಮೊಳಕೆ ಬಂತು, ಜೂನ್‌ನಲ್ಲಿ ಹೊರಗೆ ನೆಟ್ಟೆ. ಔಡಲ ಬೇಡ ಅಂದುಕೊಂಡೆ. ಬೀಜ ವಿಷ, ಮನೆಯಲ್ಲಿ ಚಿಕ್ಕ ಮಗು. ಬಾಳೆಯನ್ನೂ ನೆಟ್ಟೆ. ಅದಕ್ಕೆ ಚಳಿ ತಟ್ಟದಿರಲಿ ಅಂತ ಪ್ಲಾಸ್ಟಿಕ್ ಸುತ್ತಿದ್ದು ನನ್ನ ದಡ್ಡತನ. ಬಿಚ್ಚಿದಾಗ ದಿಂಡು ಕೊಳೆತು ಲೋಳೆಯಾಗಿತ್ತು. ಪುಣ್ಯಕ್ಕೆ ಬುಡದಿಂದ ಮರಿ ಬಂತು. ಈಗ ಒಣಹುಲ್ಲು ಕಟ್ಟುತ್ತೇನೆ, ಗಾಳಿ ಆಡುತ್ತದೆ. ವರ್ಬಿನಾ ಒಂದು ಗಿಡ ತಂದಿದ್ದೆ, ಈಗ ಚಪ್ಪಡಿ ಸಂದಿಯಲ್ಲೆಲ್ಲ ಅದೇ.

ಕೆಸು ಆಗಸ್ಟ್‌ಗೆ ಎರಡು ಗೇಣು ಎಲೆ ಬಿಟ್ಟಿತು. ಕೊಯ್ದರೆ ಅಂದ ಹೋಗುತ್ತೆ, ಬಿಟ್ಟರೆ ಅಮ್ಮ ಬಿಡುವುದಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಆರು ಎಲೆ ಕೊಯ್ದು ಪತ್ರೊಡೆ ಮಾಡಿದೆ. ತುರಿಕೆಯ ಭಯಕ್ಕೆ ಹುಣಸೆಹಣ್ಣು ಸ್ವಲ್ಪ ಜಾಸ್ತಿಯೇ ಹಾಕಿದೆ.