ಕಾರಿನ ಫೋಟೊ ತೆಗೆಯುವ ಮುನ್ನ ನಿಮ್ಮ ಬೆನ್ನ ಹಿಂದೆ ನೋಡಿ

ಕಾರಿನ ಬಾಡಿ ಉಬ್ಬುತಗ್ಗಿನ ಕನ್ನಡಿ. ಬಾಗಿಲಿನ ಮೇಲೆ ಕಾಣುವುದು ಬರೀ ಪೇಂಟ್ ಅಲ್ಲ. ಎದುರಿನ ಕಾಂಪೌಂಡ್ ಗೋಡೆ, ಕರೆಂಟ್ ಕಂಬ, ಆಕಾಶ, ಕ್ಯಾಮೆರಾ ಹಿಡಿದು ನಿಂತ ನೀವು, ಎಲ್ಲವೂ ಅದರಲ್ಲಿ ಇರುತ್ತವೆ. ಜಾಗ ಹುಡುಕುವಾಗ ಹೆಚ್ಚಿನವರು ಕಾರಿನ ಹಿಂದೆ ಏನಿದೆ ಎಂದಷ್ಟೇ ನೋಡುತ್ತಾರೆ. ಫೋಟೊ ಕೆಡುವುದು ಎದುರುಗಡೆಯಿಂದ.

ನಿಮ್ಮ ಬೆನ್ನ ಹಿಂದೆ ಮೂವತ್ತು ನಲವತ್ತು ಮೀಟರ್ ಬಯಲಿದ್ದರೆ ಒಳ್ಳೆಯದು. ಶಾಲೆ ಮೈದಾನ, ಕಟಾವಾದ ಗದ್ದೆಯ ಪಕ್ಕದ ರಸ್ತೆ, ಇನ್ನೂ ಮನೆಗಳೇಳದ ಬಡಾವಣೆ ಆಗಬಹುದು. ಆಗ ನೆಲವೂ ಆಕಾಶವೂ ಕೂಡುವ ಗೆರೆ ಬಾಗಿಲುಗಳ ಉದ್ದಕ್ಕೂ ಒಂದೇ ಸಮ ಹರಿದು, ಬಾಡಿಯ ಆಕಾರ ಎದ್ದು ಕಾಣುತ್ತದೆ. ಎದುರಿಗೆ ತೆಂಗಿನ ತೋಟವಿದ್ದರೆ ಕಪ್ಪು ಕಾರಿನ ಮೈತುಂಬಾ ಕಾಂಡಗಳ ಪಟ್ಟೆ ಬೀಳುತ್ತದೆ. ಅದನ್ನು ಎಡಿಟಿಂಗ್‌ನಲ್ಲಿ ಅಳಿಸಲು ಹೋದರೆ ಬಾಗಿಲು ಪ್ಲಾಸ್ಟಿಕ್ಕಿನಂತೆ ಆಗುತ್ತದೆ. ಬಾನೆಟ್ ಮೇಲೆ ವೈರಿನ ಗೆರೆ ಕಂಡರೆ ಕಾರನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಮಾಡಿ ನೋಡಿ, ಬಹಳ ಸಲ ಅಷ್ಟಕ್ಕೇ ಹೋಗುತ್ತದೆ. ನೀವೂ ಬಾಡಿಯಲ್ಲಿ ಕಾಣುವುದರಿಂದ ಬಿಳಿ ಅಥವಾ ಕಣ್ಣಿಗೆ ಹೊಡೆಯುವ ಬಣ್ಣದ ಶರ್ಟ್ ಬೇಡ, ಬೂದು ಇಲ್ಲವೇ ಕಪ್ಪು ಹಾಕಿಕೊಳ್ಳಿ.

ಬೆಳಕು

ಸೂರ್ಯ ಮುಳುಗಿದ ಮೇಲಿನ 15–20 ನಿಮಿಷ ಕಾರಿಗೆ ಹೇಳಿಮಾಡಿಸಿದ ಹೊತ್ತು. ಇಡೀ ಆಕಾಶವೇ ಮೆತ್ತನೆಯ ಬೆಳಕಾಗಿ, ಎಲ್ಲೂ ಕಣ್ಣು ಕುಕ್ಕುವ ಹೊಳಪು ಇರುವುದಿಲ್ಲ. ನಮ್ಮ ಕಡೆ ಕತ್ತಲು ಬೇಗ ಕವಿಯುತ್ತದೆ. ಬೆಂಗಳೂರಿನಲ್ಲಿ ಸೂರ್ಯಾಸ್ತ ಋತುವಿಗೆ ತಕ್ಕಂತೆ ಸುಮಾರು 5:50ರಿಂದ 6:50ರ ಒಳಗೆ. ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗಿ ಕೋನ ಗೊತ್ತುಮಾಡಿಕೊಂಡಿರಿ. ಮಲೆನಾಡಿನ ಮಳೆಗಾಲದ ಮೋಡವೂ ಚೆನ್ನ, ಆದರೆ ಬಿಳಿಚಿದ ಆಕಾಶವನ್ನು ಫ್ರೇಮಿನಲ್ಲಿ ಕಡಿಮೆ ಇಡಿ. ನಡುಮಧ್ಯಾಹ್ನವೇ ತೆಗೆಯಬೇಕಾದರೆ ದೊಡ್ಡ ಕಟ್ಟಡದ ನೆರಳಿಗೆ ಹೋಗಿ, ಕಾರಿನ ಜೊತೆ ಹಿನ್ನೆಲೆಯೂ ನೆರಳಿನಲ್ಲೇ ಇರಲಿ. ಮರದ ನೆರಳು ಬೇಡ: ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಬಾಡಿ ಮೇಲೆ ಕಲೆಯಂತೆ ಕಾಣುತ್ತವೆ.

ಕಾರು ಸಿದ್ಧಮಾಡುವುದು

ತೊಳೆದು ಪೂರ್ತಿ ಒರೆಸಿ, ನೀರಿನ ಕಲೆ ಉಳಿಯಬಾರದು. ಕೆಮ್ಮಣ್ಣಿನ ದಾರಿಯಲ್ಲಿ ಬಂದಿದ್ದರೆ ಸ್ಥಳದಲ್ಲೇ ಟೈರುಗಳಿಗೆ ಒದ್ದೆ ಬಟ್ಟೆ, ಬಾಡಿಯ ಮೇಲೆ ಮೈಕ್ರೋಫೈಬರ್ ಬಟ್ಟೆ. ಧೂಳು ದಪ್ಪಗಿದ್ದರೆ ಒಣಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಡ್ಯಾಶ್‌ಬೋರ್ಡಿನ ಮೇಲಿನ ಪಾರ್ಕಿಂಗ್ ಚೀಟಿ, ನೀರಿನ ಬಾಟಲಿ, ಕಿಟಕಿಯ ಸನ್‌ಶೇಡ್ ತೆಗೆದಿಡಿ. ಬಂಪರಿಗೆ ಕಟ್ಟಿದ ನಿಂಬೆಹಣ್ಣು–ಮೆಣಸಿನಕಾಯಿಯನ್ನು ಮಾತ್ರ ಮಾಲೀಕರನ್ನು ಕೇಳದೆ ಮುಟ್ಟಬೇಡಿ.

ಮುಂದಿನ ಚಕ್ರದ ರಿಮ್ ಕ್ಯಾಮೆರಾಕ್ಕೆ ಕಾಣಬೇಕು, ಟೈರಿನ ಹಲ್ಲುಗಳಲ್ಲ. ಕಾರಿನ ಎಡ ಮುಂಭಾಗದ ಮೂಲೆಯ ಕಡೆ ನೀವು ನಿಂತಿದ್ದರೆ ಸ್ಟೀರಿಂಗನ್ನು ಅರ್ಧದಿಂದ ಒಂದು ಸುತ್ತು ಬಲಕ್ಕೆ ತಿರುಗಿಸಿ. ಬಲ ಮೂಲೆಯಲ್ಲಿದ್ದರೆ ಎಡಕ್ಕೆ.

ಲೆನ್ಸ್, ದೂರ, ಎಕ್ಸ್‌ಪೋಶರ್

ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಹತ್ತಿರದ ಹೆಡ್‌ಲೈಟ್ ಊದಿಕೊಂಡು ಡಿಕ್ಕಿ ಕುಗ್ಗಿಹೋಗುತ್ತದೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85 ಮಿ.ಮೀ., ಎಪಿಎಸ್‌-ಸಿಯಲ್ಲಿ (ಅದಕ್ಕಿಂತ ಚಿಕ್ಕ ಸೆನ್ಸರಿನದು) 50–55 ಮಿ.ಮೀ. ಸರಿಹೋಗುತ್ತದೆ. ನಾಲ್ಕು ಮೀಟರಿನ ಕಾರನ್ನು ಪಕ್ಕದಿಂದ, ಎರಡೂ ತುದಿಗೆ ಒಂದೊಂದು ಮೀಟರ್ ಜಾಗ ಬಿಟ್ಟು ತೆಗೆಯಲು ಸುಮಾರು 14 ಮೀಟರ್ ಹಿಂದಕ್ಕೆ ಹೋಗಬೇಕು. ಫೋನಿನಲ್ಲಾದರೆ 2ಎಕ್ಸ್ ಅಥವಾ 3ಎಕ್ಸ್ ಇಟ್ಟು ಹಿಂದೆ ಸರಿಯಿರಿ. ಪೋರ್ಟ್ರೇಟ್ ಮೋಡ್ ಬೇಡ, ಅದು ಆಂಟೆನಾವನ್ನೂ ಸೈಡ್ ಮಿರರಿನ ಅಂಚನ್ನೂ ನುಂಗುತ್ತದೆ. ಕ್ಯಾಮೆರಾ ಹೆಡ್‌ಲೈಟಿನ ಎತ್ತರಕ್ಕಿರಲಿ.

ಟ್ರೈಪಾಡ್, ಐಎಸ್‌ಒ 100 (ಸೆನ್ಸರಿನ ಸೂಕ್ಷ್ಮತೆ), ಎಫ್/8 (ಲೆನ್ಸಿನ ಕಿಂಡಿಯ ಅಳತೆ), ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್), ಎರಡು ಸೆಕೆಂಡಿನ ಟೈಮರ್. ಬಿಳಿ ಕಾರು ಫ್ರೇಮ್ ತುಂಬಿದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಶರನ್ನು +0.7 ಹೆಚ್ಚಿಸಿ. ಕಪ್ಪಿಗೆ –0.7. ಕೆಂಪು ಕಾರಿನಲ್ಲಿ ಹಿಸ್ಟೋಗ್ರಾಮಿನ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಚಾನಲನ್ನೇ ಬೇರೆಯಾಗಿ ನೋಡಿ. ಒಟ್ಟು ಹಿಸ್ಟೋಗ್ರಾಮ್ ಸರಿಯಿದ್ದರೂ ಕೆಂಪು ತುದಿ ಮುಟ್ಟಿದ್ದರೆ ಬಾನೆಟ್ಟಿನ ಏರಿಳಿತವೆಲ್ಲ ಒಂದೇ ಬಣ್ಣದ ತೇಪೆಯಾಗುತ್ತದೆ. ಎಲ್‌ಇಡಿ ದೀಪ ಹಚ್ಚಿದ್ದರೆ ಶಟರ್ 1/60 ಸೆಕೆಂಡಿಗಿಂತ ನಿಧಾನವಿರಲಿ; ಬಹಳಷ್ಟು ಎಲ್‌ಇಡಿಗಳು ಕಣ್ಣಿಗೆ ಕಾಣದ ವೇಗದಲ್ಲಿ ಮಿಣುಕುವುದರಿಂದ, ವೇಗದ ಶಟರಿನಲ್ಲಿ ಒಂದು ದೀಪ ಆರಿದಂತೆ ಬರಬಹುದು.

ಸಿಪಿಎಲ್ ಫಿಲ್ಟರ್

ಒಂದೇ ಒಂದು ವಸ್ತು ಕೊಳ್ಳುವುದಾದರೆ ಸರ್ಕ್ಯುಲರ್ ಪೋಲರೈಸರ್ (ಸಿಪಿಎಲ್) ಕೊಳ್ಳಿ, ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಫಿಲ್ಟರ್ ಇದು. ಪೇಂಟ್ ಮತ್ತು ಗಾಜಿನ ಮೇಲಿನ ಪ್ರತಿಬಿಂಬವನ್ನು ಫೋಟೊ ತೆಗೆಯುವ ಹೊತ್ತಿನಲ್ಲೇ ಇದು ತಗ್ಗಿಸುತ್ತದೆ. ಕ್ರೋಮ್ ಮೇಲೆ ಕೆಲಸ ಮಾಡುವುದಿಲ್ಲ, ಲೋಹದ ಪ್ರತಿಫಲನದ ಸ್ವಭಾವ ಬೇರೆ. ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಕಡಿಮೆಯಾದರೆ ಬೆಳಕು ಅರ್ಧ) ಬೆಳಕು ತಿನ್ನುತ್ತದೆ.

ತೊಡಕು ಇರುವುದು ಇಲ್ಲಿ: ಬಾನೆಟ್ ಅಡ್ಡ, ಬಾಗಿಲು ನೆಟ್ಟಗೆ. ಬಾನೆಟ್ ತಿಳಿಯಾಗುವಂತೆ ಫಿಲ್ಟರ್ ತಿರುಗಿಸಿದರೆ ಬಾಗಿಲಿನ ಪ್ರತಿಬಿಂಬ ಹಾಗೇ ಉಳಿಯುತ್ತದೆ. ಅದಕ್ಕೆ ಟ್ರೈಪಾಡ್ ಕದಲಿಸದೆ, ಮ್ಯಾನ್ಯುಯಲ್ ಮೋಡಿನಲ್ಲಿ ಎರಡು ಮೂರು ಫ್ರೇಮ್ ತೆಗೆಯಿರಿ: ಬಾನೆಟ್ ಮತ್ತು ಮುಂಗಾಜಿಗೆ ಒಂದು, ಪಕ್ಕಕ್ಕೆ ಒಂದು, ಫಿಲ್ಟರಿನ ಪರಿಣಾಮ ಅತಿ ಕಡಿಮೆ ಇರುವಂತೆ ಇನ್ನೊಂದು. ಆಮೇಲೆ ಎಡಿಟಿಂಗ್‌ನಲ್ಲಿ ಒಂದೊಂದರಿಂದ ಬೇಕಾದ ಭಾಗವನ್ನಷ್ಟೇ ಉಳಿಸುವ ಲೇಯರ್ ಮಾಸ್ಕಿನಿಂದ ಜೋಡಿಸಿ. ಪ್ರತಿಬಿಂಬ ಪೂರ್ತಿ ಹೋದರೂ ಕೆಡುಕೇ, ಪೇಂಟ್ ಸತ್ತಂತೆ ಕಾಣುತ್ತದೆ. ಪಕ್ಕದ ಮತ್ತು ಹಿಂದಿನ ಕಿಟಕಿಗಳಲ್ಲಿ ನೀಲಿ–ನೇರಳೆ ಚುಕ್ಕೆಗಳು ಕಂಡರೆ ಫಿಲ್ಟರ್ ಕೆಟ್ಟಿಲ್ಲ. ಟಫನ್ಡ್ ಗಾಜಿನೊಳಗಿನ ಒತ್ತಡ ಹಾಗೆ ಕಾಣುತ್ತದೆ. ಮುಂಗಾಜು ಲ್ಯಾಮಿನೇಟೆಡ್ ಆದ್ದರಿಂದ ಅಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಕಿಟಕಿಯ ಭಾಗವನ್ನು ಮೂರನೆಯ ಫ್ರೇಮಿನಿಂದ ತೆಗೆದುಕೊಳ್ಳಿ.

ಎಡಿಟಿಂಗ್

ಲೈಟ್‌ರೂಮ್ ಇರಲಿ, ಉಚಿತವಾದ ಡಾರ್ಕ್‌ಟೇಬಲ್ ಇರಲಿ, ಮೊದಲ ಕೆಲಸ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ, ಬೂದು ಬಣ್ಣಗಳು ಬೇರೆ ಛಾಯೆಯಿಲ್ಲದೆ ಕಾಣುವಂತೆ ಸರಿಪಡಿಸುವುದು. ಕಾರಿನ ಬಿಳಿಯನ್ನು ನಂಬಬೇಡಿ, ಅದರಲ್ಲಿ ಆಕಾಶದ ನೀಲಿ ಇರುತ್ತದೆ. ಡಾಂಬರಿನ ಬೂದು ಹೆಚ್ಚು ನಂಬಿಗಸ್ತ. ಸಂಜೆಯ ಬೆಚ್ಚನೆಯ ಬಣ್ಣವನ್ನು ಪೂರ್ತಿ ತೊಳೆದುಹಾಕಲೂ ಬೇಡಿ.

ಲೈಟ್‌ರೂಮಿನಲ್ಲಿ ಹೈಲೈಟ್ಸ್ –30ರಿಂದ –50, ಶ್ಯಾಡೋಸ್ +15ರಿಂದ +25ರವರೆಗೆ ಸಾಕು. ಶ್ಯಾಡೋಸ್ ಇನ್ನೂ ಎತ್ತಿದರೆ ಚಕ್ರದ ಗೂಡು ಬೂದಾಗುತ್ತದೆ, ಕಾರಿನ ಕೆಳಗಿನ ನೆರಳು ತೆಳುವಾಗಿ ಕಾರು ನೆಲ ಬಿಟ್ಟು ತೇಲಿದಂತಾಗುತ್ತದೆ. ಟೈರು ಕಪ್ಪಗೇ ಇದೆಯೇ ಎಂದು ಆಗಾಗ ನೋಡಿ, ಅದೇ ಅಳತೆಗೋಲು. ಅಂಚುಗಳನ್ನು ಗಡುಸಾಗಿಸುವ ಕ್ಲ್ಯಾರಿಟಿ +10 ದಾಟಿಸಬೇಡಿ. ಮಬ್ಬು ತೆಗೆಯುವ ಡಿಹೇಜ್ ಹೆಚ್ಚಾದರೆ ರೂಫಿನ ಸುತ್ತ ಆಕಾಶದಲ್ಲಿ ಬೆಳಕಿನ ಅಂಚು ಏಳುತ್ತದೆ. ಎಲ್ಲ ಬಣ್ಣಗಳನ್ನೂ ಏರಿಸುವ ಸ್ಯಾಚುರೇಶನ್ ಮುಟ್ಟದೆ, ಮಂಕಾದ ಬಣ್ಣಗಳನ್ನು ಹೆಚ್ಚಾಗಿ ಏರಿಸುವ ವೈಬ್ರನ್ಸ್ +5ರಿಂದ +10. ಬಿಳಿ ಅಥವಾ ಸಿಲ್ವರ್ ಕಾರಿನ ನೆರಳಿನಲ್ಲಿರುವ ಬದಿ ನೀಲಿಯಾಗಿದ್ದರೆ ಅಷ್ಟೇ ಭಾಗಕ್ಕೆ ಮಾಸ್ಕ್ ಹಾಕಿ ಸ್ಯಾಚುರೇಶನ್ –20 ಮಾಡಿ.

ಆಕಾಶ ಬದಲಿಸುವ ಒಂದೇ ಗುಂಡಿಯ ಸೌಲಭ್ಯ ಈಗ ಹಲವು ಕಡೆ ಇದೆ. ಕಾರಿನ ಚಿತ್ರಕ್ಕೆ ಬಳಸಬೇಡಿ. ಹಿಂದೆ ಕೆಂಡದ ಸಂಜೆ, ಬಾನೆಟ್ಟಿನಲ್ಲಿ ಮಾತ್ರ ಹಳೆಯ ಬೂದು ಮೋಡ. ಯಾಕೆಂದು ಗೊತ್ತಾಗದಿದ್ದರೂ ನೋಡುವವರಿಗೆ ಏನೋ ಸುಳ್ಳೆನಿಸುತ್ತದೆ. ಧೂಳಿನ ಚುಕ್ಕೆ, ಹಕ್ಕಿ ಹಿಕ್ಕೆ, ಬಾಗಿಲಿನಲ್ಲಿ ಬಿದ್ದ ಟ್ರೈಪಾಡ್ ಅಳಿಸಬಹುದು. ಮಾರಾಟದ ಜಾಹೀರಾತಿಗಾದರೆ ಗೀರು, ನೆಗ್ಗು ಅಳಿಸಬೇಡಿ. ನೋಡಲು ಬಂದವರು ಅದನ್ನೇ ಮೊದಲು ಹುಡುಕುತ್ತಾರೆ. ನಂಬರ್ ಪ್ಲೇಟನ್ನು ಅದರದೇ ಬಣ್ಣದಲ್ಲಿ, ಅದೇ ಓರೆಯಲ್ಲಿ ಮುಚ್ಚಿ. ಕರೀ ಚೌಕ ಇಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳಿಗೆ ಹೊಂದುವ ಬಣ್ಣದ ಆಯ್ಕೆ), ಉದ್ದದ ಬದಿ 2048 ಪಿಕ್ಸೆಲ್, ಜೆಪೆಗ್ ಗುಣಮಟ್ಟ 80–85ಕ್ಕೆ ಇಟ್ಟು ಎಕ್ಸ್‌ಪೋರ್ಟ್ ಮಾಡಿ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಫೈಲನ್ನು ಮತ್ತೆ ಕುಗ್ಗಿಸಿ ಆಕಾಶದಲ್ಲಿ ಪಟ್ಟೆ ಎಬ್ಬಿಸಬಹುದು.